45 ಅಕ್ಷರಗಳ ಕೆಮ್ಮು

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ನಾವು ಕೆಜಿಎಫ್‌ನ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆವು. ಇಂಗ್ಲಿಷ್ ಮೇಷ್ಟ್ರು ಬರುವುದು ಐದು ನಿಮಿಷ ತಡವಾದರೆ ಸಾಕು, ನಮ್ಮಲ್ಲಿ ವ್ಯಾಜ್ಯ ಶುರುವಾಗುತ್ತಿತ್ತು. ಆ ವರ್ಷದ ವ್ಯಾಜ್ಯ, ಇಂಗ್ಲಿಷಿನ ಅತಿ ಉದ್ದದ ಪದ ಯಾವುದು ಎಂಬುದು.

ನಾನು ‘ಆಂಟಿಡಿಸ್‌ಎಸ್ಟಾಬ್ಲಿಷ್‌ಮೆಂಟೇರಿಯನಿಸಂ’ ಪಕ್ಷ. 28 ಅಕ್ಷರ. ಇಂಗ್ಲೆಂಡಿನಲ್ಲಿ ಚರ್ಚಿಗೂ ಸರ್ಕಾರಕ್ಕೂ ಇರುವ ನಂಟು ಕಡಿಯಕೂಡದು ಎನ್ನುವವರ ವಾದ ಅದು ಎಂದು ಮೇಷ್ಟ್ರು ಹೇಳುವವರೆಗೆ ನನಗೆ ಅರ್ಥವೇ ಗೊತ್ತಿರಲಿಲ್ಲ. ಎದುರು ಪಕ್ಷ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’ ತಂದು ಒಂದೇ ಒಂದು ಅಕ್ಷರದಿಂದ ನನ್ನನ್ನು ಸೋಲಿಸಿತು. ಕಾಸಿನ ಕಿಮ್ಮತ್ತಿಲ್ಲ ಎಂದು ತಳ್ಳಿಹಾಕುವುದು ಎಂದು ಅದರ ಅರ್ಥ. ನನ್ನ ಪದಕ್ಕೆ ಅವರು ಮಾಡಿದ್ದೂ ಅದನ್ನೇ.

ಆಮೇಲೆ ಮುಂದಿನ ಬೆಂಚಿನವನೊಬ್ಬ ಚೀಟಿ ಹಿಡಿದು ಬಂದ. ‘ನ್ಯೂಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೆನೋಕೋನಿಯೋಸಿಸ್’, 45 ಅಕ್ಷರ! ಬೋರ್ಡಿನ ಎಡತುದಿಯಿಂದ ದಪ್ಪಕ್ಷರದಲ್ಲಿ ಬರೆಯುತ್ತ ಹೋದವನಿಗೆ ‘ವಾಲ್ಕೆನೋ’ ಬರುವಷ್ಟರಲ್ಲಿ ಜಾಗ ಮುಗಿಯಿತು. ಎರಡು ಸಾಲಾಯಿತು, ಆದ್ದರಿಂದ ಎರಡು ಪದ ಎಂದು ನಾನು ತಕರಾರು ತೆಗೆದೆ. ಗದ್ದಲ ಕೇಳಿ ಒಳಬಂದ ಕನ್ನಡ ಪಂಡಿತರು ಅದನ್ನೇ ಕನ್ನಡದಲ್ಲಿ ಬರೆದು, ಸೀಮೆಸುಣ್ಣದ ತುದಿಯಿಂದ ಒಂದೊಂದೇ ಅಕ್ಷರ ಕುಟ್ಟುತ್ತ ಎಣಿಸಿದರು. ಅರ್ಧಾಕ್ಷರ ಸೇರಿಸಿ 21. “ಇಷ್ಟಕ್ಕೇ ಇಷ್ಟು ಕೂಗಾಟವೇನ್ರಯ್ಯಾ?” ಎಂದು ಹೊರಟುಹೋದರು.

ಮೇಷ್ಟ್ರ ತೀರ್ಪು ಬೇರೆ. ಆ ಪದವನ್ನು ವೈದ್ಯರು ಕಟ್ಟಿದ್ದಲ್ಲ. 1935ರಲ್ಲಿ ಅಮೆರಿಕದ ಪದಬಂಧಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್, ಉದ್ದವಾಗಿರಲಿ ಎಂದೇ ಹೊಸೆದದ್ದು. ಆಕ್ಸ್‌ಫರ್ಡ್ ನಿಘಂಟು ಅದನ್ನೂ ಒಳಗೆ ಬಿಟ್ಟುಕೊಂಡಿದೆ. ಅಳತೆಗೆಂದೇ ಹೊಲಿದದ್ದು ಲೆಕ್ಕಕ್ಕಿಲ್ಲ ಎಂದು ನಾನು ವಾದಿಸಿದೆ. ಇವತ್ತಿಗೂ ನನ್ನ ನಿಲುವು ಅದೇ. ಇಲ್ಲದಿದ್ದರೆ ಟೈಟಿನ್ ಎಂಬ ಪ್ರೊಟೀನಿನ 1,89,819 ಅಕ್ಷರಗಳ ರಾಸಾಯನಿಕ ಹೆಸರನ್ನೂ ಪದ ಎಂದು ಒಪ್ಪಬೇಕಾಗುತ್ತದೆ.

“ಅದರ ಅರ್ಥ ಏನು ಸರ್?” ಎಂದು ಕೊನೆಯ ಬೆಂಚಿನ ಗೆಳೆಯ ಕೇಳಿದ. ಜ್ವಾಲಾಮುಖಿಯ ಅತಿ ಸೂಕ್ಷ್ಮ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಕಾಯಿಲೆ ಎಂದರು ಮೇಷ್ಟ್ರು.

“ಜ್ವಾಲಾಮುಖಿ ಬೇಡ ಸರ್, ಗಣಿಯಲ್ಲೂ ಬರುತ್ತದೆ. ನಮ್ಮ ತಾತನಿಗಿದೆ.”

ಅವನ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಗೆ ಡ್ರಿಲ್ ಹಿಡಿದವರು. ನಮ್ಮೂರಿನ ಚಿನ್ನ ಇದ್ದದ್ದೇ ಬೆಣಚುಕಲ್ಲಿನಲ್ಲಿ. ಬೆಣಚುಕಲ್ಲು ಎಂದರೆ ಸಿಲಿಕಾ. ಮರುದಿನ ಅವನು ನಾಲ್ಕು ಮಡಿಕೆಯ ಆಸ್ಪತ್ರೆ ಚೀಟಿ ತಂದು ತೋರಿಸಿದ. ಮಡಿಕೆಯ ಗೆರೆಯ ಮೇಲೇ ‘ಸಿಲಿಕೋಸಿಸ್’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅಭ್ಯಾಸಬಲದಿಂದ ಎಣಿಸಿದೆವು. 9.

ಆ ಭಾನುವಾರ ಅವನ ಮನೆಗೆ ಹೋದೆ. ತಾತ ಹೊಸ್ತಿಲ ಬಳಿ ಗೋಡೆಗೆ ಒರಗಿ ಕೂತಿದ್ದರು. ನಮ್ಮಿಬ್ಬರನ್ನು ನೋಡಿ ತಮಿಳಿನಲ್ಲಿ “ವಾಂಗ”, ಬನ್ನಿ, ಎಂದರು. ಅಲ್ಲಿಗೆ ನಿಂತು, ಉಸಿರು ಎಳೆದುಕೊಂಡು, ಆಮೇಲೆ “ಉಕ್ಕಾರುಂಗ”, ಕೂತುಕೊಳ್ಳಿ, ಎಂದರು.