ಆ ಹತ್ತು ನಿಮಿಷ

ಅಜ್ಜ ಬೆಟಗೇರಿಯ ನೇಕಾರರು. ಬಾಯಿ ಕ್ಯಾನ್ಸರ್. ನಾನು ಕೆಲಸ ಮಾಡುವ ಹುಬ್ಬಳ್ಳಿಯ ಆಸ್ಪತ್ರೆಗೆ ಬರುವ ಹೊತ್ತಿಗೆ ನುಂಗಲು ಆಗುತ್ತಿರಲಿಲ್ಲ. ನೋವು ತಗ್ಗಿಸುವ ಮಾರ್ಫಿನ್ ಗುಳಿಗೆ ಪುಡಿ ಮಾಡಿ, ನೀರಲ್ಲಿ ಕದಡಿ, ನಾಲ್ಕು ತಾಸಿಗೊಮ್ಮೆ ಮೂಗಿನ ನಳಿಗೆಯಿಂದ ಹಾಕುತ್ತಿದ್ದೆವು.

ಮೊದಮೊದಲು ಮಗ ಒಪ್ಪಿರಲಿಲ್ಲ. "ಸಿಸ್ಟರ್, ಅದರದ್ದು ಚಟ ಹತ್ತತೈತಿ ಅಂತಾರಲ್ರೀ?" ಅಂದ. 2014ರಲ್ಲಿ ಮಾದಕ ವಸ್ತುಗಳ ಕಾನೂನು ತಿದ್ದಿದ ಮೇಲೆ ಆಸ್ಪತ್ರೆಗಳಿಗೆ ಮಾರ್ಫಿನ್ ತರಿಸೋದು ಮೊದಲಿಗಿಂತ ಸುಲಭವಾಗಿದೆ. ಜನರ ಹೆದರಿಕೆ ಮಾತ್ರ ಹಾಗೇ ಇದೆ. ಅಜ್ಜ ಎರಡು ರಾತ್ರಿ ನಿದ್ದೆ ಮಾಡಿದ್ದು ನೋಡಿ ಮಗ ಸುಮ್ಮನಾದ.

ಆ ರಾತ್ರಿ ಉಸಿರಿನ ಲಯ ಬದಲಾಯಿತು. ನಾಲ್ಕಾರು ಸಲ ಜೋರಾಗಿ, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಗಂಟಲಲ್ಲಿ ಗೊರಗೊರ ಸದ್ದು. ಅಜ್ಜಿ ಗಾಬರಿಯಾದರು. "ಉಸಿರು ಕಟ್ಟಿ ಒದ್ದಾಡಾಕತ್ತಾರೇನವಾ?"

ಜೊಲ್ಲು ನುಂಗುವ ಶಕ್ತಿ ಹೋದಾಗ ಹಾಗೆ ಸದ್ದಾಗುತ್ತೆ, ಕೇಳುವ ನಮಗೇ ಅದರ ಸಂಕಟ ಜಾಸ್ತಿ ಅಂತ ಹೇಳಿದೆ. ಅಜ್ಜನನ್ನು ಮಗ್ಗುಲಿಗೆ ತಿರುಗಿಸಿದೆವು. ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆ.

"ನನ್ನ ಮಾತು ಅವರಿಗೆ ಕೇಳತೈತೇನು?"

"ಕೇಳಬಹುದು ಅಮ್ಮಾ. ಮಾತಾಡ್ರಿ."

ಅಜ್ಜಿ ಕಿವಿ ಹತ್ತಿರ ಬಾಗಿ ಮನೆ ಸುದ್ದಿ ಹೇಳಿದರು. ಮಗ್ಗದ ಮೇಲಿನ ಸೀರೆಗೆ ಸೆರಗು ಬಾಕಿ ಇದೆ, ಮಗ ಮುಗಿಸ್ತಾನೆ. ಕಿರಾಣಿ ಅಂಗಡಿ ಬಾಕಿ ತೀರಿದೆ. ಬೇರೆ ಯಾವ ಮಾತೂ ಅಷ್ಟು ಪ್ರೀತಿಯಿಂದ ಆಡಿದ್ದು ನಾನು ಕೇಳಿಲ್ಲ.

ನಸುಕಿನ ನಾಲ್ಕರ ಸುಮಾರಿಗೆ ಅಜ್ಜ ಹೋದರು. ನಳಿಗೆ ತೆಗೆದು, ಮೈ ಒರೆಸಿ, ಗದ್ದ ಕಟ್ಟಿದೆ. ಕೈ ನಡುಗಲಿಲ್ಲ. ಆಮೇಲೆ ಉಳಿದ ಮಾರ್ಫಿನ್ ಎಣಿಸಿ ರಿಜಿಸ್ಟರ್‌ನಲ್ಲಿ ಬರೆಯಬೇಕಿತ್ತು. ಒಂದೊಂದು ಗುಳಿಗೆಗೂ ಲೆಕ್ಕ ಇರುತ್ತೆ. ಇದ್ದದ್ದು ಹನ್ನೊಂದೇ. ಎರಡು ಸಲ ಎಣಿಸಿದೆ, ಎರಡು ಸಲವೂ ತಪ್ಪಿತು.

ಹಿರಿಯ ಸಿಸ್ಟರ್ ನೋಡಿದರು. ರಿಜಿಸ್ಟರ್ ತಮ್ಮ ಕಡೆ ಎಳೆದುಕೊಂಡು, "ಇಲ್ಲಿ ಕೂಡು ತಂಗಿ. ಹತ್ತು ನಿಮಿಷ ವಾರ್ಡ್ ನಾ ನೋಡ್ತೀನಿ" ಅಂದರು. ಹೋಗುವ ಮುಂಚೆ ಚಹಾ ಕೊಟ್ಟು, "ಅಜ್ಜಗ ನೋವಿರಲಿಲ್ಲ ಅಲ್ಲಾ?" ಅಂತ ಕೇಳಿದರು. ಇರಲಿಲ್ಲ ಅಂದೆ. ಹಾಗಂತ ಬಾಯಿಬಿಟ್ಟು ಹೇಳಿದ ಮೇಲೆಯೇ ಎದೆ ಸ್ವಲ್ಪ ಹಗುರಾಯಿತು.

ಮೊದಲು ಕೆಲಸ ಮಾಡಿದ ಕಡೆ ಇಂಥದ್ದು ಇರಲಿಲ್ಲ. ನಾನು ನೋಡಿದ ಮೊದಲ ಸಾವಿನ ದಿನ, "ಬೆಡ್ ಬೇಗ ರೆಡಿ ಮಾಡು, ಪೇಷಂಟ್ ಕಾಯ್ತಿದ್ದಾರೆ" ಅಂದಿದ್ದರು. ಅತ್ತರೆ, ಮನಸ್ಸು ಗಟ್ಟಿ ಮಾಡ್ಕೋ ಅಂದರು. ತಿಂಗಳುಗಟ್ಟಲೆ ಮನೆಯಲ್ಲಿ ಮಕ್ಕಳ ಮೇಲೆ ರೇಗಿದ್ದೇನೆ. ಸಾವು ಕಂಡ ನರ್ಸ್‌ಗೆ ಆ ಹತ್ತು ನಿಮಿಷ ಡ್ಯೂಟಿಯಲ್ಲೇ ಸಿಗಬೇಕು. ಯಾರೋ ಒಬ್ಬರ ಒಳ್ಳೆಯತನಕ್ಕೆ ಅದನ್ನು ಬಿಡಬಾರದು.

ಬೆಳಿಗ್ಗೆ ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದರು. "ರಾತ್ರಿಯೆಲ್ಲಾ ನಿಂತಿದ್ದಿ. ಏನರ ತಿಂದಿಯೇನವಾ?"

ಧಾರವಾಡದ ಚಿಗರಿ ಬಸ್ ಉಣಕಲ್ ಕೆರೆ ದಾಟುವಾಗ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೂ ಕೇಳದೆ ಕಿಟಕಿ ಸೀಟು ಬಿಟ್ಟುಕೊಟ್ಟರು. ಮನೆಗೆ ಹೋಗಿ ತಣ್ಣನೆ ರೊಟ್ಟಿ ತಿಂದು ಮಲಗಿದೆ.

ರಾತ್ರಿ ಮತ್ತೆ ಡ್ಯೂಟಿಗೆ ಹೋದಾಗ ಅದೇ ಬೆಡ್‌ಗೆ ಹಾವೇರಿ ಕಡೆಯ ಹೆಂಗಸೊಬ್ಬರು ಬಂದಿದ್ದರು. ಸ್ಟೂಲ್ ಎಳೆದುಕೊಂಡು ಕೂತೆ. "ಎಲ್ಲಿ ನೋಯ್ತದವ್ವಾ?" ಅಂತ ಕೇಳಿದೆ.