ಬೇಸಿಕ್ ಅರ್ಧಕ್ಕೆ ಏರಿಸಿದರೆ ಮುಗಿಯಲಿಲ್ಲ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದ ಮೇಲೆ ಪೇರೋಲ್ (ಸಂಬಳದ ಲೆಕ್ಕ) ನೋಡುವವರ ಬಾಯಲ್ಲೆಲ್ಲ ಒಂದೇ ಮಾತು: ‘ಬೇಸಿಕ್, ಅಂದರೆ ಮೂಲ ವೇತನವನ್ನು ಒಟ್ಟು ಸಂಬಳದ ಶೇ 50 ಮಾಡಿಬಿಡಿ.’ ಕಾನೂನಿನಲ್ಲಿ ಹಾಗೆ ಎಲ್ಲೂ ಇಲ್ಲ. ಈ ಅಪಾರ್ಥದ ಬೆಲೆ ನೌಕರ ಕೆಲಸ ಬಿಡುವ ದಿನ ಗೊತ್ತಾಗುತ್ತದೆ.

ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಪ್ರಯಾಣ ಭತ್ಯೆ, ಕಮಿಷನ್, ಓವರ್‌ಟೈಮ್, ಮಾಲೀಕರ ಪಾಲಿನ ಪಿಎಫ್ (ಭವಿಷ್ಯ ನಿಧಿ) ಹೀಗೆ ಕೆಲವನ್ನು ಮಾತ್ರ ವೇತನ ಸಂಹಿತೆ ‘ವೇತನ’ದಿಂದ ಹೊರಗಿಟ್ಟಿದೆ. ಇವುಗಳ ಮೊತ್ತ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟು ಮತ್ತೆ ವೇತನಕ್ಕೇ ಸೇರುತ್ತದೆ. ಸ್ಪೆಷಲ್ ಅಲೋಯನ್ಸ್ ಈ ಪಟ್ಟಿಯಲ್ಲೇ ಇಲ್ಲ. ಎಡವುವುದು ಇಲ್ಲೇ.

ತಿಂಗಳಿಗೆ 60,000 ರೂಪಾಯಿ ಸಂಬಳ ತೆಗೆದುಕೊಳ್ಳಿ: ಬೇಸಿಕ್ 18,000, ಸ್ಪೆಷಲ್ ಅಲೋಯನ್ಸ್ 22,000, ಎಚ್‌ಆರ್‌ಎ 12,000, ಪ್ರಯಾಣ ಭತ್ಯೆ 8,000. ಹೊರಗಿಡಬಹುದಾದದ್ದು ಕೊನೆಯ ಎರಡು ಮಾತ್ರ, ಅಂದರೆ 20,000. ಅದು ಅರ್ಧಕ್ಕಿಂತ ಕಡಿಮೆ. ಹಾಗಾಗಿ ವೇತನ 40,000. ಬೇಸಿಕ್ಕನ್ನು 30,000ಕ್ಕೆ ಏರಿಸಿ ಸ್ಪೆಷಲ್ ಅಲೋಯನ್ಸ್ 10,000ಕ್ಕೆ ಇಳಿಸಿದರೂ ಅದೇ 40,000.

ಹತ್ತು ವರ್ಷ ದುಡಿದವರ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಕಂಪನಿ ಕೊಡಬೇಕಾದ ಇಡಿಗಂಟು, ಈಗ ಲೆಕ್ಕ ಹಾಕಿ. ಕೊನೆಯ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸುವುದು ಹಳೆಯ ಸೂತ್ರವೇ. ಬೇಸಿಕ್ಕನ್ನಷ್ಟೇ ವೇತನವೆಂದು 30,000 ಹಿಡಿದರೆ 1,73,077 ರೂಪಾಯಿ, 40,000ಕ್ಕೆ 2,30,769. ಒಬ್ಬರಿಗೇ 57,692 ಕಡಿಮೆ ಕೊಟ್ಟಂತಾಯಿತು, ಅದು ಅವರ ಹಕ್ಕಿನ ಹಣ. ಕೊನೆಯ ವೇತನ ಇಡೀ ಸೇವೆಗೆ ಅನ್ವಯಿಸುವುದರಿಂದ ಕಂಪನಿಯ ಬಾಧ್ಯತೆ ಒಮ್ಮೆಗೇ ಜಿಗಿಯುತ್ತದೆ. ಇನ್ಫೋಸಿಸ್ 2025ರ ಡಿಸೆಂಬರ್ ತ್ರೈಮಾಸಿಕದಲ್ಲಿ ಗ್ರಾಚ್ಯುಟಿ ಮತ್ತು ರಜೆಯ ಹೆಚ್ಚಿದ ಬಾಧ್ಯತೆಗೆಂದು 1,289 ಕೋಟಿ ರೂಪಾಯಿ ತೆಗೆದಿಟ್ಟಿತು. ನಿಗದಿತ ಅವಧಿಯ ಕರಾರಿನ ಮೇಲೆ ಸೇರಿದವರು ಗ್ರಾಚ್ಯುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ಅವರ ಹೆಸರಲ್ಲೂ ಹಣ ತೆಗೆದಿಡಿ.

ವೇತನ ಹೆಚ್ಚಿದರೆ ಪಿಎಫ್ ಕಡಿತವೂ ಹೆಚ್ಚಿ ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ ಎಂಬ ಭಯ ಎಲ್ಲರಿಗೂ ಬೇಡ. ಪಿಎಫ್ 15,000ದ ಮಿತಿಯ ಮೇಲೆ ಕಟ್ಟುತ್ತಿದ್ದರೆ ಕಡಿತ ಮೊದಲಿನ 1,800 ರೂಪಾಯಿಯೇ.

ಇನ್ನು ಫೈನಲ್ ಸೆಟಲ್‌ಮೆಂಟ್. ರಾಜೀನಾಮೆಯಿರಲಿ, ವಜಾ ಇರಲಿ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಗ್ರಾಚ್ಯುಟಿಗೆ 30 ದಿನಗಳ ಗಡುವು ಬೇರೆ. ಎರಡನ್ನೂ ಒಟ್ಟಿಗೆ ಕೊಡೋಣವೆಂದು ವೇತನ ತಡೆಹಿಡಿಯುವಂತಿಲ್ಲ. ಲ್ಯಾಪ್‌ಟಾಪ್ ವಾಪಸು, ಮುಂಗಡದ ಲೆಕ್ಕ, ರಜೆ ಬಾಕಿ ಇವೆಲ್ಲ ನೋಟಿಸ್ ಅವಧಿಯ ಕೊನೆಯ ವಾರದೊಳಗೇ ಮುಗಿಯಲಿ. ಕಡಿತಗಳೆಲ್ಲ ಸೇರಿ ಆ ಅವಧಿಯ ವೇತನದ ಅರ್ಧ ಮೀರುವಂತಿಲ್ಲ ಎಂಬುದನ್ನು ಸಾಫ್ಟ್‌ವೇರ್‌ನಲ್ಲೇ ಹಾಕಿಸಿಡಿ.