ನವಲೆ ಇಳಿಜಾರಿನಲ್ಲಿ ಅಪಘಾತ: ಯೋಧನ ಕೈ ಮೊದಲು ಏನು ಮಾಡುತ್ತದೆ

ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇವೆ ಮುಗಿಸಿ ಬಂದ ನಾವು ಕೆಲವರು ಈಗ ಪುಣೆಯ ಕಾತ್ರಜ್, ನರ್ಹೆ ಕಡೆಯ ಕನ್ನಡದ ಲಾರಿ ಚಾಲಕರಿಗೆ, ಹೋಟೆಲ್ ಹುಡುಗರಿಗೆ ಪ್ರಥಮ ಚಿಕಿತ್ಸೆ ಕಲಿಸುತ್ತೇವೆ. ರಜೆಯಲ್ಲಿ ಊರಿಗೆ ಹೊರಟ ಯೋಧ ದಾರಿಯಲ್ಲಿ ಇಳಿದು ಗುರುತಿಲ್ಲದವರನ್ನು ಉಳಿಸಿದ ಸುದ್ದಿ ಬಂದಾಗಲೆಲ್ಲ ಅವರು ಕೇಳುವುದು ಒಂದೇ: ಅಷ್ಟು ಧೈರ್ಯ ಎಲ್ಲಿಂದ ಬರುತ್ತದೆ ಸರ್? ಮೊದಲು ಯಾವುದು, ಆಮೇಲೆ ಯಾವುದು ಎಂಬುದು ಕೈಗೆ ರೂಢಿಯಾಗಿರುತ್ತದೆ, ಅಲ್ಲಿಂದ. ಎದೆ ಹೊಡೆದುಕೊಳ್ಳುತ್ತಿದ್ದರೂ ಕೈ ತನ್ನ ಕೆಲಸ ಮಾಡುತ್ತದೆ.

ಬೆಂಗಳೂರು ಕಡೆಯಿಂದ ಬರುವಾಗ ಕಾತ್ರಜ್ ಹೊಸ ಸುರಂಗ ದಾಟಿದರೆ ನವಲೆ ಸೇತುವೆವರೆಗೂ ಇಳಿಜಾರು. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿದ ಲಾರಿಗೆ ಎಂಜಿನ್ ಹಿಡಿತ ಇರುವುದಿಲ್ಲ. ಭಾರವೆಲ್ಲ ಬ್ರೇಕ್ ಮೇಲೆ ಬಿದ್ದು, ಡ್ರಮ್ ಕಾದು, ಲೈನರ್ ಹಿಡಿಯುವುದನ್ನೇ ಬಿಡುತ್ತದೆ. 2022ರ ನವೆಂಬರ್ 20ರ ರಾತ್ರಿ ಇದೇ ಜಾಗದಲ್ಲಿ ಒಂದು ಟ್ರಕ್ ನುಗ್ಗಿ ಸುಮಾರು 48 ವಾಹನಗಳು ಜಖಂಗೊಂಡವು. ಹಾಗಾಗಿ ಇಲ್ಲಿ ಅಪಘಾತ ಕಂಡರೆ, ಮೇಲಿಂದ ಇನ್ನೊಂದು ಗಾಡಿ ಬರುತ್ತಿದೆ ಅಂತಲೇ ಲೆಕ್ಕ. 80 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಬರುತ್ತದೆ. ಸಹಾಯಕ್ಕೆ ಓಡಿದವರೇ ಎರಡನೇ ಡಿಕ್ಕಿಗೆ ಸಿಗುವುದು ಇದನ್ನು ಮರೆತಾಗ.

ನಿಮ್ಮ ಗಾಡಿಯನ್ನು ಅಪಘಾತದ ಜಾಗ ದಾಟಿಸಿ ಎಡಕ್ಕೆ ನಿಲ್ಲಿಸಿ. ಒಬ್ಬರನ್ನು ಟಾರ್ಚ್ ಕೊಟ್ಟು ಕನಿಷ್ಠ 100 ಮೀಟರ್ ಮೇಲಕ್ಕೆ, ತಡೆಗೋಡೆಯ ಆಚೆ ಬದಿಗೆ ಕಳಿಸಿ. ಇನ್ನೊಬ್ಬರು 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಲಿ. ಆಮೇಲೆ ಜಖಂ ಆದ ಕಾರಿನ ಕೀ ಆಫ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಪುಣೆಯಲ್ಲಿ ಸಿಎನ್‌ಜಿ ಗಾಡಿ ಬಹಳ. ವಾಸನೆ ಬಂದರೆ ಅಥವಾ ಸುಯ್ ಅಂತ ಸದ್ದು ಕೇಳಿದರೆ ಸುತ್ತ ಬೀಡಿ, ಬೆಂಕಿ ಯಾವುದೂ ಬೇಡ. ಏರ್‌ಬ್ಯಾಗ್ ಬಿಚ್ಚದೆ ಉಳಿದಿದ್ದರೆ ಅದು ಆಮೇಲೂ ಸಿಡಿಯಬಹುದು. ಸ್ಟೀರಿಂಗ್‌ಗೂ ನಿಮ್ಮ ತಲೆಗೂ ಕನಿಷ್ಠ 25 ಸೆಂ.ಮೀ. ಅಂತರ ಇರಲಿ. ಬಾಗಿಲು ತೆರೆಯದಿದ್ದರೆ ಗಾಯಾಳುವಿನಿಂದ ದೂರದ ಕಿಟಕಿಯ ಮೂಲೆಗೆ ಚೂಪಾದದ್ದರಿಂದ ಹೊಡೆಯಿರಿ, ಗಾಜು ಪುಡಿಪುಡಿ ಆಗುತ್ತದೆ. ಮುಂದಿನ ಗಾಜಿನ ಮೇಲೆ ಹೊತ್ತು ಕಳೆಯಬೇಡಿ. ಅದರ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಬಿರುಕು ಬಿಟ್ಟರೂ ಬೀಳುವುದಿಲ್ಲ.

ಜನ ಸೇರಿದ ಕೂಡಲೇ ನಡೆಯುವ ದೊಡ್ಡ ತಪ್ಪೆಂದರೆ ಕೈಕಾಲು ಹಿಡಿದು ಎಳೆದು ರಿಕ್ಷಾಕ್ಕೆ ತುಂಬುವುದು. ಕುತ್ತಿಗೆಯ ಮೂಳೆ ಮುರಿದಿದ್ದು ನರ ಇನ್ನೂ ಉಳಿದಿದ್ದರೆ, ಆ ಒಂದು ಎಳೆತಕ್ಕೆ ಮನುಷ್ಯ ಜೀವನಪೂರ್ತಿ ಹಾಸಿಗೆ ಹಿಡಿಯಬಹುದು. ಬೆಂಕಿ ಹತ್ತದಿದ್ದರೆ, ಉಸಿರು ಆಡುತ್ತಿದ್ದರೆ ಕೂತಲ್ಲೇ ಇರಲಿ. ಎದುರಿನಿಂದ ಮಾತಾಡಿಸಿ, ಪಕ್ಕದಿಂದ ಕರೆದರೆ ಅವರು ತಲೆ ತಿರುಗಿಸುತ್ತಾರೆ. ಒಬ್ಬರು ಹಿಂದಿನ ಸೀಟಿನಲ್ಲಿ ಕೂತು ಎರಡೂ ಕಿವಿಯ ಪಕ್ಕ ಅಂಗೈಯಿಟ್ಟು ತಲೆಯನ್ನು ಅಲುಗದಂತೆ ಹಿಡಿಯಲಿ. ಬೈಕ್ ಸವಾರನ ಹೆಲ್ಮೆಟ್ ಕೂಡ, ಉಸಿರಿಗೆ ಅಡ್ಡಿ ಇಲ್ಲದಿದ್ದರೆ, ತೆಗೆಯಬೇಡಿ. ಎಳೆಯಲೇಬೇಕಾದರೆ ಹಿಂದಿನಿಂದ ಕಂಕುಳಲ್ಲಿ ಕೈ ಹಾಕಿ, ತಲೆ ನಿಮ್ಮ ಮುಂಗೈಗಳ ನಡುವೆ ಇರುವಂತೆ, ನೇರ ಹಿಂದಕ್ಕೆ.

ಇನ್ನು ರಕ್ತ. ಕರ್ತವ್ಯದಲ್ಲಿರುವ ಯೋಧನ ಜೇಬಿನಲ್ಲಿ ಫೀಲ್ಡ್ ಡ್ರೆಸ್ಸಿಂಗ್, ಅಂದರೆ ಗಾಯಕ್ಕೆ ಒತ್ತಿ ಕಟ್ಟುವ ಪಟ್ಟಿ ಇರುತ್ತದೆ, ನಿಮ್ಮ ಹತ್ತಿರ ಹೆಗಲ ಮೇಲಿನ ಟವೆಲ್ ಇದೆ. ಮಡಚಿ ಗಾಯದ ಮೇಲಿಟ್ಟು, ಮೊಣಕೈ ನೆಟ್ಟಗಿಟ್ಟು, ಮೈಭಾರ ಹಾಕಿ 10 ನಿಮಿಷ ಒತ್ತಿ. ನಿಂತಿತಾ ಅಂತ ನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತು ಬಂದು ಮತ್ತೆ ಸುರು. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಡಿ. ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಲೇ ಇದ್ದರೆ ಟೂರ್ನಿಕೆಟ್, ಅಂದರೆ ರಕ್ತದ ಹರಿವನ್ನೇ ತಡೆಯುವ ಬಿಗಿ ಕಟ್ಟು: ಗಾಯದಿಂದ ನಾಲ್ಕು ಬೆರಳು ಮೇಲೆ, ಕೀಲು ಬಿಟ್ಟು, ಎರಡು-ಮೂರು ಬೆರಳು ಅಗಲದ ಪಟ್ಟಿ ಕಟ್ಟಿ. ಗಂಟಿನ ಮೇಲೆ ಟೂಲ್ ಬಾಕ್ಸಿನ ಪಾನಾ (ಸ್ಪ್ಯಾನರ್) ಇಟ್ಟು ಇನ್ನೊಂದು ಗಂಟು ಹಾಕಿ, ರಕ್ತ ನಿಲ್ಲುವವರೆಗೆ ತಿರುವಿ, ಪಾನಾ ಬಿಚ್ಚದಂತೆ ಕಟ್ಟಿಬಿಡಿ. ತಂತಿ, ಶೂ ಲೇಸ್ ಬೇಡ, ಅವು ಮಾಂಸ ಕೊಯ್ಯುತ್ತವೆ. ವಿಪರೀತ ನೋಯುತ್ತದೆ, ಗಾಯಾಳು ಬೈಯ್ಯುತ್ತಾರೆ, ಅಳುತ್ತಾರೆ. ಕರುಣೆಯಿಂದ ಸಡಿಲಿಸಬೇಡಿ. ಕಟ್ಟಿದ ಸಮಯವನ್ನು ಪೆನ್ನಿನಿಂದ ಹಣೆಯ ಮೇಲೆ ಬರೆಯಿರಿ. ಬಾಯಾರಿಕೆ ಅಂದರೂ ನೀರು ಕೊಡಬೇಡಿ: ಪ್ರಜ್ಞೆ ಮಸುಕಾದವರಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ, ಆಪರೇಷನ್‌ಗೂ ತೊಡಕು. ಮೈ ತಣ್ಣಗಾಗದಂತೆ ಚಾದರ ಹೊದಿಸಿ.

ಪೊಲೀಸ್ ಕೇಸಿನ ಭಯ ಬಿಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಜೀವ ಉಳಿಸಿದ್ದಕ್ಕೆ ಕೊಡುವ ಜೀವನ್ ರಕ್ಷಾ ಪದಕ ಸೇನೆಯವರಿಗೂ ಸಿಗುತ್ತದೆ, ಆದರೆ ಕರ್ತವ್ಯದ ಹೊರಗೆ ಮಾಡಿದ ಕೆಲಸಕ್ಕೆ ಮಾತ್ರ. ಆ ಹೊತ್ತಿಗೆ ಯೋಧನೂ ದಾರಿಹೋಕನೇ, ನಿಮ್ಮ ಹಾಗೆ.

ಆಂಬುಲೆನ್ಸ್‌ನವರ ಜೊತೆ ಭಾಷೆಗೆ ತಡಕಾಡಬಾರದು ಅಂತ ಮೂರು ಮರಾಠಿ ಮಾತು ಬಾಯಿಪಾಠ ಮಾಡಿಸುತ್ತೇವೆ. ಬೇಶುದ್ಧ್ ಆಹೇ, ಪ್ರಜ್ಞೆ ಇಲ್ಲ. ಶ್ವಾಸ್ ಚಾಲೂ ಆಹೇ, ಉಸಿರಾಡುತ್ತಿದ್ದಾರೆ. ರಕ್ತ್ ಥಾಂಬತ್ ನಾಹೀ, ರಕ್ತ ನಿಲ್ಲುತ್ತಿಲ್ಲ. ಜಾಗ ಹೇಳುವಾಗ ಬರೀ ‘ಹೈವೇ’ ಅಂದರೆ ಆಗದು. ಸುರಂಗದಿಂದ ಎಷ್ಟು ದೂರ, ಗಾಡಿ ಪುಣೆಗೆ ಹೋಗುವ ಬದಿಯೋ ಸಾತಾರಾಕ್ಕೆ ಹೋಗುವ ಬದಿಯೋ ಹೇಳಿ. ಬದಿ ತಪ್ಪಿದರೆ ಆಂಬುಲೆನ್ಸ್ ಡಿವೈಡರ್‌ನ ಆಚೆ ಬಂದು ನಿಂತು, ಮತ್ತೆ ಸುತ್ತಿ ಬರಬೇಕು.